ಮರುದನಿಯ ದೀಪ

ಬಾಲ್ಯದಲ್ಲಿ ಬಾವಿಗೆ ಬಗ್ಗಿ ಕೂಗಿ ಮರುದನಿ ಕೇಳಿ ನಲಿದವರು ನಾವು. ಅಂಥ ಮರುದನಿಯೇ ಕಣ್ಣಿನ ವೈದ್ಯರಿಗೆ ದೀಪವಾಗಿರುವುದು ಸೋಜಿಗವಲ್ಲವೇ? ಪೊರೆಯೋ ರಕ್ತವೋ ಕಣ್ಣನ್ನು ಮಸುಕುಗೊಳಿಸಿದಾಗ ಬೆಳಕಿನಿಂದ ಒಳಗನ್ನು ನೋಡಲಾಗದು. 1956ರಲ್ಲಿ ಅಮೆರಿಕದ ಮಂಟ್ ಮತ್ತು ಹ್ಯೂಸ್ ಎಂಬವರು, ಕಿವಿಗೆ ನಿಲುಕದ ಧ್ವನಿಯ ಅಲೆಗಳಿಂದ ಕಣ್ಣೊಳಗಿನ ಗಡ್ಡೆಯನ್ನು ಅರಿಯುವ ದಾರಿಯನ್ನು ತೋರಿದರು. ಇದೇ ಅಲ್ಟ್ರಾಸೌಂಡ್ ಪರೀಕ್ಷೆ. ಎಳೆಮಕ್ಕಳಿಗೆ ಅಪರೂಪವಾಗಿ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಗಡ್ಡೆಯಲ್ಲಿ ಸಾಮಾನ್ಯವಾಗಿ ಸುಣ್ಣದ ಕಣಗಳಿದ್ದು, ಅವು ಬಲವಾದ ಮರುದನಿಯನ್ನು ಕೊಡುವುವು. ಸೂಜಿ ಚುಚ್ಚಿ ನೋಡಿದರೆ ಈ ರೋಗವು ಹರಡುವ ಭಯವುಂಟು. ಧ್ವನಿಯಿಂದ ಆ ಭಯವಿಲ್ಲ. ಆದುದರಿಂದ ಸೋದರಿಯರೇ, ಕೂಸಿನ ಕಣ್ಣಪಾಪೆ ಬೆಳ್ಳಗೆ ಹೊಳೆದರೆ, ದೃಷ್ಟಿ ತಾಗಿತೆಂದು ದಿನ ಕಳೆಯದೆ ವೈದ್ಯರ ಬಳಿಗೆ ಒಯ್ಯೋಣ. ಬೇಗ ತಿಳಿದರೆ ಪ್ರಾಣವುಳಿಯುವುದು. ಎಷ್ಟೋ ವೇಳೆ ಕಣ್ಣೂ ಉಳಿಯುವುದು.