ಅಜೋಬಾನ ಸ್ವಂತ ಊರು

ಫೋರ್ಟಿನ ಸರ್ಕಾರಿ ಕಚೇರಿಗಳಲ್ಲಿ ವರ್ಗಾವಣೆಯ ಮಾತು ಎದ್ದಾಗಲೆಲ್ಲ ನಮಗೆ ಅಜೋಬಾ ಎಂಬ ಚಿರತೆ ನೆನಪಾಗುತ್ತದೆ. 2009ರಲ್ಲಿ ಅಹ್ಮದ್‌ನಗರ ಜಿಲ್ಲೆಯ ಬಾವಿಯೊಂದಕ್ಕೆ ಬಿದ್ದಿದ್ದ ಅದನ್ನು ಮೇಲೆತ್ತಿ, ಕೊರಳಿಗೆ ಜಿಪಿಎಸ್ ಪಟ್ಟಿ ತೊಡಿಸಿ ಮಾಳಶೇಜ್ ಘಾಟಿನಲ್ಲಿ ಬಿಟ್ಟರು. ವಿದ್ಯಾ ಆತ್ರೇಯ ಅವರ ತಂಡ ಅದರ ಜಾಡು ಹಿಡಿಯಿತು. ಬಿಟ್ಟ ಕಾಡಿನಲ್ಲಿ ಅದು ನಿಲ್ಲಲಿಲ್ಲ, ಹಿಡಿದ ಊರಿಗೂ ಮರಳಲಿಲ್ಲ. ಹೆದ್ದಾರಿ, ರೈಲುಹಳಿ, ವಸಯಿ ಖಾಡಿಗಳನ್ನು ದಾಟಿ ಸುಮಾರು 120 ಕಿ.ಮೀ. ನಡೆದು ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಸೇರಿತು. ಅದರ ಮೂಲ ನೆಲೆ ಇದೇ ಇದ್ದೀತೆಂದು ಸಂಶೋಧಕರು ಊಹಿಸಿದರು. ಹಿಡಿದ ಸ್ಥಳವೇ ಊರೆಂಬುದು ಕಡತದ ತರ್ಕ, ಚಿರತೆಯದಲ್ಲ. 2011ರಲ್ಲಿ ಅದು ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿತು.

ಎಲ್‌ಟಿಸಿಗಾಗಿ ನಾವು ಘೋಷಿಸಿಕೊಂಡ ಸ್ವಂತ ಊರು ಧಾರವಾಡ. ಮಕ್ಕಳು ಮಾತ್ರ ರಜೆ ಮುಗಿಸಿ ಮುಂಬಯಿಯ ರೈಲು ಹತ್ತುವಾಗಲೇ ‘ಊರಿಗೆ ಹೊರಟೆವು’ ಎನ್ನುತ್ತಾರೆ.