ಕಾಗದದ ವ್ಯೋಮನೌಕೆ

ಎಪ್ಪತ್ತಾರರ ವಯಸ್ಸಿನಲ್ಲಿ ಕತ್ತರಿ, ಅಂಟು ಹಿಡಿದು ಜಗಲಿಯಲ್ಲಿ ಕುಳಿತವನನ್ನು ಕಂಡರೆ ನೆರೆಹೊರೆಯವರು ನಗುವುದು ಸಹಜ. ನಕ್ಕರು. ನನ್ನ ಶ್ರೀಮತಿಯಂತೂ, "ಗಣಿ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದದೊಡನೆ ಹೆಣಗಿದ್ದು ಸಾಲಲಿಲ್ಲವೇನೋ" ಎಂದು ನನಗೆ ಕೇಳಿಸುವಂತೆಯೇ ಗೊಣಗಿದಳು. ತಪ್ಪು ನನ್ನದಲ್ಲ. ಬೇಸಗೆಯ ರಜೆಗೆ ಬೆಂಗಳೂರಿನಿಂದ ಸಂಡೂರಿಗೆ ಬಂದ ಮೊಮ್ಮಗ ಚೀಲದಿಂದ ಅಚ್ಚಾದ ಹಾಳೆಗಳ ಕಟ್ಟೊಂದನ್ನು ತೆಗೆದು, "ತಾತ, ಇವನ್ನು ಕತ್ತರಿಸಿ ಅಂಟಿಸಿದರೆ ಹಡಗಾಗುತ್ತದೆ" ಎಂದ.

ಹಡಗೆಂದರೆ ನೀರಿನದಲ್ಲ. 1968ರಲ್ಲಿ ಸ್ಟಾನ್ಲಿ ಕುಬ್ರಿಕ್ ತೆರೆಗೆ ತಂದ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದಲ್ಲಿ ಗುರುಗ್ರಹಕ್ಕೆ ಹೊರಡುವ ವ್ಯೋಮನೌಕೆ, 'ಡಿಸ್ಕವರಿ'. ಮುಂದೆ ಮನುಷ್ಯರು ವಾಸಿಸುವ ಬಿಳಿಯ ಗೋಲ. ಹಿಂದೆ ಬೆನ್ನೆಲುಬಿನಂಥ ನೀಳವಾದ ದಂಡ. ತುದಿಯಲ್ಲಿ ಅಣುಶಕ್ತಿಯ ಎಂಜಿನು. ಆ ಎಂಜಿನಿನಿಂದ ಮನುಷ್ಯರು ದೂರವಿರಲೆಂದೇ ಅಷ್ಟು ಉದ್ದ. ಚಿತ್ರಕ್ಕಾಗಿ ಕಟ್ಟಿದ ದೊಡ್ಡ ಮಾದರಿಯೇ 54 ಅಡಿಯಿತ್ತು. ನಮ್ಮದು ಎರಡಡಿ.

ಚಪ್ಪಟೆ ಕಾಗದದಿಂದ ಗೋಲ ಹೇಗಾದೀತು? ಕಿತ್ತಳೆಯ ಸಿಪ್ಪೆಯನ್ನು ನೆನೆದುಕೊಳ್ಳಿ. ಏಳು ಸೆಂಟಿಮೀಟರು ಅಡ್ಡಳತೆಯ ಗೋಲದ ಸುತ್ತಳತೆ ಇಪ್ಪತ್ತೆರಡು. ಅದನ್ನು ಹನ್ನೆರಡು ಎಸಳಾಗಿ ಹಂಚಿದರೆ ಒಂದೊಂದು ಎಸಳು ಹನ್ನೊಂದು ಸೆಂಟಿಮೀಟರು ಉದ್ದ, ನಡುವಿನಲ್ಲಿ ಎರಡಕ್ಕೂ ಕಡಿಮೆ ಅಗಲ. ಹೇಳುವುದು ಸುಲಭ. ನಮ್ಮ ಮೊದಲ ಗೋಲ ಬಾಡಿದ ಬದನೆಯಂತಾಯಿತು. ಎರಡನೆಯದು ಪರವಾಗಿಲ್ಲ ಎನಿಸಿತು. ಕಾಗದಕ್ಕೂ ಮರದಂತೆ ಎಳೆಯ ದಿಕ್ಕುಂಟೆಂಬುದನ್ನು ದಂಡ ಸುತ್ತುವಾಗ ಕಲಿತೆ. ಎಳೆಗೆ ಅಡ್ಡವಾಗಿ ಸುತ್ತಿದರೆ ಮುರಿದು ಗೆರೆ ಬೀಳುತ್ತದೆ. ಅಂಟಿಗೆ ಮೈದಾ ಬೇಯಿಸಿ ಚಿಟಿಕೆ ಮೈಲುತುತ್ತ ಬೆರೆಸಿದೆ. ಹುಳು ಹಿಡಿಯದಿರಲೆಂದು ಪುಸ್ತಕ ಕಟ್ಟುವವರು ಮಾಡುತ್ತಿದ್ದ ಉಪಾಯವದು.

ಆರನೆಯ ದಿನ ಹುಡುಗ ಹೊಸದೊಂದು ಸುದ್ದಿ ತಂದ. ಕಥೆ ಹೆಣೆದವರಲ್ಲೊಬ್ಬನಾದ ಆರ್ಥರ್ ಕ್ಲಾರ್ಕ್ ಮುಂತಾದವರು ನೌಕೆಗೆ ಮೊದಲು ದೊಡ್ಡ ದೊಡ್ಡ ಫಲಕಗಳನ್ನು ಯೋಚಿಸಿದ್ದರಂತೆ. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಎಂಜಿನಿನ ಬಿಸಿ ಕಿರಣವಾಗಿ ಸೂಸಿಯೇ ತಣಿಯಬೇಕು, ಅದಕ್ಕೆ ಆ ಫಲಕಗಳು. ಆದರೆ ಪ್ರೇಕ್ಷಕರು ಅವನ್ನು ರೆಕ್ಕೆಗಳೆಂದು ತಿಳಿದು, ಗಾಳಿಯಿಲ್ಲದಲ್ಲಿ ರೆಕ್ಕೆಯೇಕೆಂದು ಕೇಳಿಯಾರೆಂಬ ಭಯದಿಂದ ತೆಗೆದುಹಾಕಿದರಂತೆ.

"ನಾವು ಹಚ್ಚೋಣ, ತಾತ."

ಗಟ್ಟಿ ಕಾಗದಕ್ಕಾಗಿ ಹಳೆಯ ಲಗ್ನಪತ್ರಿಕೆಗಳನ್ನು ಹುಡುಕಲು ಅಟ್ಟ ಹತ್ತಿದೆ. ಅಲ್ಲಿ ಕೈಗೆ ಸಿಕ್ಕಿದ್ದು ಬಣ್ಣ ಮಾಸಿದ ಒಂದು ಪಾದರಕ್ಷೆಯ ರಟ್ಟಿನ ಪೆಟ್ಟಿಗೆ. ಅದನ್ನು ಹಿಡಿದು ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತೆ.

1987ರಲ್ಲಿ ನನ್ನ ಮಗನಿಗೆ ಹನ್ನೊಂದು ವರ್ಷ. ಇಂಥದೇ ರಟ್ಟು, ಹಳೆಯ ಕ್ಯಾಲೆಂಡರು ಸೇರಿಸಿ ಅವನೇನನ್ನೋ ಕಟ್ಟುತ್ತಿದ್ದ. ಪರೀಕ್ಷೆ ಹತ್ತಿರವಿತ್ತು. "ಮನೆ ತುಂಬ ರದ್ದಿ" ಎಂದು ಒಂದು ಬೆಳಗ್ಗೆ ಅದನ್ನು ಬಚ್ಚಲ ಒಲೆಗೆ ಹಾಕಿದೆ. ಅದೇನೆಂದು ಕೇಳಲಿಲ್ಲ. ಶಾಲೆಯಿಂದ ಬಂದವನು ಒಲೆಯ ಕಡೆ ನೋಡಿದ. ಅಳಲಿಲ್ಲ, ಪುಸ್ತಕ ತೆರೆದು ಕುಳಿತ. ಒಳ್ಳೆಯ ಅಂಕ ಬಂದವು. ಆ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಫಲಕಗಳನ್ನು ಹಚ್ಚಿದೆವು, ಬದಿಗೆ ಎರಡೆರಡು. ಒಂದರ ಹಿಂಬದಿಯಲ್ಲಿ ಯಾರದೋ ಮುಹೂರ್ತ ಈಗಲೂ ಓದಬಹುದು. ಒಣಗಲೆಂದು ಕಿಟಕಿಯಲ್ಲಿಟ್ಟರೆ, ಅದಿರಿನ ಲಾರಿಗಳು ಎಬ್ಬಿಸಿದ ಧೂಳು ಕೂತು ಎರಡೇ ದಿನಗಳಲ್ಲಿ ಬಿಳಿಯ ನೌಕೆ ಕೆಂಪಾಯಿತು. ಒರೆಸಹೋದ ನನ್ನ ಕೈಯನ್ನು ಹುಡುಗ ಹಿಡಿದ. ಮಂಗಳನ ಕೆಂಪೂ ಕಬ್ಬಿಣದ ಆಕ್ಸೈಡಿನ ಕೆಂಪೇ ಅಲ್ಲವೇ, ಗುರುವಿಗೆ ಹೋಗುವ ದಾರಿಯಲ್ಲಿ ನಮ್ಮ ನೌಕೆ ಅಲ್ಲಿ ಇಳಿದು ಬಂದಿದೆ ಎಂದ. ಇರಲಿ ಎಂದು ಬಿಟ್ಟೆ.

ರಜೆ ಮುಗಿಯಿತು, ಕರೆದೊಯ್ಯಲು ಮಗ ಬಂದ. ಬೀರುವಿನ ಮೇಲಿದ್ದುದನ್ನು ಕೆಳಗಿಳಿಸಿ ತಿರುಗಿಸಿ ನೋಡಿದ.

"ಇದಕ್ಕೆ ರೆಕ್ಕೆ ಯಾಕಪ್ಪಾ?"

"ರೆಕ್ಕೆಯಲ್ಲ, ಅವನನ್ನು ಕೇಳು" ಎಂದೆ. ಹುಡುಗ ವಿವರಿಸಿದ. ಮಗ ಏನೂ ಹೇಳದೆ, ಸಡಿಲವಾಗಿದ್ದ ಒಂದು ಫಲಕವನ್ನು ಹೆಬ್ಬೆರಳಿನಿಂದ ಒತ್ತಿ, ಅಂಟು ಕಚ್ಚುವವರೆಗೆ ಹಾಗೆಯೇ ಹಿಡಿದುಕೊಂಡಿದ್ದ.

"ಆಗ ನೀನು ಕಟ್ಟುತ್ತಿದ್ದುದೇನು?" ಎಂದೆ.

"ಯಾವಾಗ?" ಎಂದು ತಲೆಯೆತ್ತಿದವನು ಒಂದು ಕ್ಷಣ ತಡೆದು, "ತುಂಗಭದ್ರಾ ಅಣೆಕಟ್ಟು. ಬಾಗಿಲೆಲ್ಲ ತೆರೆಯುತ್ತಿದ್ದವು" ಎಂದ.

ಬಸ್ಸಿನ ಹೊತ್ತಿಗೆ ನೌಕೆಯನ್ನು ಎರಡು ಭಾಗ ಮಾಡಿ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿಟ್ಟೆವು. ಮುಚ್ಚಳದ ಮೇಲೆ ದಪ್ಪ ಅಕ್ಷರಗಳಲ್ಲಿ 'ಇದು ರದ್ದಿಯಲ್ಲ' ಎಂದು ಬರೆಯಲಾಯಿತು. ಬರೆದವನು ಮೊಮ್ಮಗನಲ್ಲ.