ಬೇರೆ ಖಾತೆಗೆ ಜಮೆಯಾದ ಧ್ವನಿ

ಜುಲೈ ತಿಂಗಳ ಒಂದು ಭಾನುವಾರ ನಾನು ಮೊಮ್ಮಗಳಿಗೆ ಸುಳ್ಳು ಹೇಳಿದೆ. ಅದೂ ಮುಖ ನೋಡಿಕೊಂಡೇ!

ಮಗಳ ಸಂಸಾರ ಇರುವುದು ಮೆಲ್ಬರ್ನಿನಲ್ಲಿ. ನಮ್ಮ ಕಂಪಲಾಪುರದಲ್ಲಿ ಮಧ್ಯಾಹ್ನ 2 ಗಂಟೆಯಾದರೆ ಅಲ್ಲಿ ಚಳಿಗಾಲದ ಸಂಜೆ 6.30. ಭಾನುವಾರ ಊಟ ಮುಗಿಸಿ ನಾನು ಕಂಪ್ಯೂಟರ್ ಮುಂದೆ ಕೂರುತ್ತೇನೆ, ಎಂಟು ವರ್ಷದ ಮೊಮ್ಮಗಳು ಪರದೆಯ ಮೇಲೆ ಬರುತ್ತಾಳೆ. ಆ ದಿನ ಅವಳು ಮೊದಲ ಸಲ ತಾನೇ ಕನ್ನಡದಲ್ಲಿ ಬರೆದ ಕಾಗದವನ್ನು ಓದಿ ಹೇಳುವವಳಿದ್ದಳು.

ಓದಿದಳು. ತುಟಿ ಅಲ್ಲಾಡಿತು, ಸದ್ದು ಮಾತ್ರ ಇಲ್ಲ. ಎಪ್ಪತ್ತು ದಾಟಿದ ಮೇಲೆ ನನಗೆ ಕಿವಿ ಸ್ವಲ್ಪ ಮಂದ. ಕೇಳಿಸದಿದ್ದಾಗ ತಲೆಯಾಡಿಸಿ ನಗುವುದು ಅಭ್ಯಾಸವಾಗಿಬಿಟ್ಟಿದೆ. ಯಾರಾದರೂ ಕಂಡುಹಿಡಿದರೆ ಮಡಿಕೇರಿ ರಸ್ತೆಯ ಲಾರಿಗಳ ಮೇಲೆ ತಪ್ಪು ಹೊರಿಸುತ್ತೇನೆ. ಅಂದೂ ಹಾಗೆಯೇ, "ಬಹಳ ಚೆನ್ನಾಗಿದೆ ಪುಟ್ಟಿ!" ಎಂದು ಚಪ್ಪಾಳೆ ತಟ್ಟಿದೆ. ಅವಳು ಏನೋ ಕೇಳಿದಳು. ಮತ್ತೆ ತಲೆಯಾಡಿಸಿದೆ. ಅವಳ ಮುಖ ಸಪ್ಪಗಾಯಿತು.

ಆಮೇಲೆ ಮಗಳು ಮೊಬೈಲಿಗೆ ಫೋನ್ ಮಾಡಿದಳು. "ಅಪ್ಪಾ, ಕಾಗದದಲ್ಲಿ ಯಾವ ಪ್ರಾಣಿ ಇತ್ತು ಹೇಳಿ ಅಂತ ಕೇಳಿದ್ಲು. ನೀವು ಹೂಂ ಹೂಂ ಅಂದ್ರಿ. ತಾತ ಕೇಳಿಸ್ಕೊಳ್ಳಲೇ ಇಲ್ಲ ಅಂತ ಅಳ್ತಾ ಕೂತಿದಾಳೆ."

ತಪ್ಪು ಕಿವಿಯದೋ, ಕಂಪ್ಯೂಟರಿನದೋ? ಅದರಲ್ಲಿ ಒಂದು ಹಾಡು ಹಾಕಿದೆ. ಸದ್ದಿಲ್ಲ. ಮೊಬೈಲಿನಲ್ಲಿ ಅದೇ ಹಾಡು ಕೇಳಿಸಿತು. ಅಂಗಡಿಯೊಂದಕ್ಕೆ ಫೋನ್ ಮಾಡಿದರೆ, "ಸೌಂಡ್ ಕಾರ್ಡ್ ಹೋಗಿರುತ್ತೆ ಸಾರ್, ಸಿಪಿಯು ತಗೊಂಡು ಬನ್ನಿ" ಎಂದರು. ಬೆಳಗ್ಗೆ ಹುಣಸೂರು ಬಸ್ಸು ಹತ್ತೋಣವೆಂದು ಸಂಜೆಯೇ ಚೀಲ ಹುಡುಕುತ್ತಿದ್ದೆ. ಪಕ್ಕದ ಮನೆಯ ಎಂಟನೇ ತರಗತಿ ಹುಡುಗ ಬಂದವನು, "ಬಿಚ್ಚೋಕೆ ಮುಂಚೆ ಒಂದೊಂದೇ ನೋಡೋಣ ತಾತ" ಎಂದ.

ಆ ಮಾತು ನನಗೆ ಹಿಡಿಸಿತು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವೂ ಹೀಗೇ ಮಾಡುತ್ತಿದ್ದೆವು. ಮೊದಲು ನೋಡುತ್ತಿದ್ದದ್ದು ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ಎಂದು. ಆದರೆ ಅಂಕಿ ಅದಲುಬದಲಾಗಿರಬಹುದು. 540ರ ಬದಲು 450 ಬರೆದರೆ ವ್ಯತ್ಯಾಸ 90. ಮಕ್ಕಳೇ, ಯಾವುದೇ ಎರಡಂಕಿಯ ಸಂಖ್ಯೆಯನ್ನು ತಿರುಗಿಸಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆದು ನೋಡಿ!

ಸರಿ, ಶುರು ಮಾಡಿದೆವು. ಸ್ಪೀಕರಿನ ದೀಪ ಉರಿಯುತ್ತಿತ್ತು. ತಿರುಗುಗುಂಡಿ ಅರ್ಧಕ್ಕಿತ್ತು. ವೈರು ಹಸಿರು ತೂತಿನಲ್ಲೇ ಇತ್ತು. ಸಿಪಿಯು ಹಿಂದಿನ ತೂತುಗಳಲ್ಲಿ ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ. ಈ ಬಣ್ಣಗಳು ಪಿಸಿ 99 ಎಂಬ ನಿಯಮಾವಳಿಯಿಂದ ಬಂದವು. ಸ್ಪೀಕರಿನ ವೈರನ್ನು ನನ್ನ ಹಳೇ ಮೊಬೈಲಿಗೆ ಚುಚ್ಚಿದೆವು. ಹಾಡಿತು! ಅಲ್ಲಿಗೆ ಸ್ಪೀಕರ್ ನಿರಪರಾಧಿ. ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್ ತೆರೆದರೆ ಹಾಡಿಗೆ ತಕ್ಕಂತೆ ಒಂದು ಪಟ್ಟಿ ಏರಿಳಿಯುತ್ತಿತ್ತು. ಅಂದರೆ ಧ್ವನಿ ಹೊರಡುತ್ತಿದೆ. ಹೋಗುತ್ತಿರುವುದು ಎಲ್ಲಿಗೆ?

"ತಾತ, ಮಾನಿಟರ್ ಯಾವಾಗ ತಂದ್ರಿ?"

"ಮೊನ್ನೆ ಶುಕ್ರವಾರ ಕಣೋ."

ಹುಡುಗ ನಕ್ಕ. ಹಳೆಯ ಮಾನಿಟರಿನ ವಿಜಿಎ ವೈರು ಚಿತ್ರವನ್ನು ಮಾತ್ರ ಒಯ್ಯುತ್ತಿತ್ತು. ಹೊಸದರ ಎಚ್‌ಡಿಎಂಐ ವೈರು ಚಿತ್ರವನ್ನೂ ಧ್ವನಿಯನ್ನೂ ಒಯ್ಯುತ್ತದೆ. ಅದನ್ನು ಕಂಡ ಕಂಪ್ಯೂಟರು ಧ್ವನಿಯನ್ನು ಮಾನಿಟರಿಗೇ ಕಳಿಸತೊಡಗಿದೆ. ನನ್ನ ಮಾನಿಟರಿನೊಳಗೆ ಸ್ಪೀಕರೇ ಇಲ್ಲ!

ಬ್ಯಾಂಕಿನಲ್ಲಿ ಅತಿ ಕಷ್ಟದ ತಪ್ಪು ಇದೇ. ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಜಮೆಯಾದರೆ ಒಟ್ಟು ಲೆಕ್ಕ ತಾಳೆಯಾಗಿಯೇ ಇರುತ್ತದೆ. ಹಣ ಬರಬೇಕಾದವರು ಬಂದು ಕೇಳುವವರೆಗೂ ಗೊತ್ತಾಗುವುದಿಲ್ಲ.

ಪರದೆಯ ಬಲಮೂಲೆಯ ಸ್ಪೀಕರ್ ಚಿತ್ರ ಒತ್ತಿ, ಪಟ್ಟಿಯಲ್ಲಿ ಮಾನಿಟರ್ ಬದಲು ಸ್ಪೀಕರನ್ನು ಆರಿಸಿದ. ಹಾಡು ಮನೆ ತುಂಬಿತು. ಖರ್ಚು ಸೊನ್ನೆ, ಹುಡುಗನಿಗೆ ಎರಡು ಚಕ್ಕುಲಿ.

ಮರುದಿನ ನಾನೇ ಕರೆ ಮಾಡಿದೆ. "ಪುಟ್ಟಿ, ನಿನ್ನೆ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಕೇಳಿಸಿದ ಹಾಗೆ ನಟಿಸಿದೆ. ತಪ್ಪಾಯಿತು ಕಣಮ್ಮಾ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕೇಳಿಸ್ಲಿಲ್ಲ ಅಂತ ಹೇಳ್ಬಹುದಿತ್ತಲ್ಲ ತಾತ" ಎಂದಳು. ಎಷ್ಟು ಸುಲಭದ ಮಾತು! ನನಗೇಕೆ ಅಷ್ಟು ದಿನ ಬಾಯಿಗೆ ಬರಲಿಲ್ಲವೋ.

ಮತ್ತೆ ಓದಿದಳು. ಅವರ ಮನೆಯ ಸೂರಿನ ಮೇಲೆ ರಾತ್ರಿ ಓಡಾಡುವ ಪಾಸಮ್ ಎಂಬ ಪ್ರಾಣಿಯ ಕಥೆ. "ಮಲೆ ಬಂದಾಗ ಪಾಸಮ್ ಒಳಗೆ ಬಂತು."

"ಮಲೆ ಅಲ್ಲ ಪುಟ್ಟಿ, ಮಳೆ. ನಾಲಿಗೆ ಮೇಲಕ್ಕೆ ಮಡಚು."

"ಮಳೆ!"

ಆ 'ಳ' ನನಗೆ ಸ್ಪಷ್ಟವಾಗಿ ಕೇಳಿಸಿತು. ಈಗ ಪ್ರತಿ ಭಾನುವಾರ ಅವಳು ಮಾತು ಶುರು ಮಾಡುವುದೇ "ಕೇಳಿಸ್ತಿದೆಯಾ ತಾತ?" ಎಂದು. ಕೇಳಿಸದಿದ್ದರೆ, "ಇಲ್ಲ ಪುಟ್ಟಿ, ಇನ್ನೊಂದು ಸಲ ಹೇಳು" ಎನ್ನುತ್ತೇನೆ. ಅವಳು ಹೇಳುತ್ತಾಳೆ.